ನೀರಿನ ಮೇಲೊಂದು ಸೈಟು

ನಮ್ಮ ಕಡೆ ಗಂಡಸಿಗೆ ನಲವತ್ತು ದಾಟುವುದರೊಳಗೆ ಒಂದು ಸೈಟು ಆಗಿರಬೇಕು. ಮನೆ ಕಟ್ಟುವುದು ಬಿಡುವುದು ಆಮೇಲಿನ ಮಾತು. ಮೂವತ್ತು ನಲವತ್ತರ ಒಂದು ತುಂಡು ನೆಲ, ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಬೀರುವಿನಲ್ಲಿ ಖಾತೆ ಪತ್ರ, ಇಷ್ಟಿದ್ದರೆ ಹುಡುಗ ನೆಲೆ ನಿಂತ ಎಂದು ಲೆಕ್ಕ. ಕ್ಯಾಲಿಫೋರ್ನಿಯಾಕ್ಕೆ ಬಂದು ತಲೆ ನರೆತರೂ ನನ್ನ ಮೇಲಿನ ಈ ಬಾಕಿ ತೀರಿರಲಿಲ್ಲ. ಚಳ್ಳಕೆರೆಯಿಂದ ಅಮ್ಮ ಭಾನುವಾರದ ಫೋನಿನಲ್ಲಿ ತಪ್ಪದೆ ಜ್ಞಾಪಿಸುತ್ತಿದ್ದಳು: "ಬೈಪಾಸ್ ಹತ್ರ ಇನ್ನೂ ಸಿಗ್ತಾವಂತೆ ಕಣಪ್ಪ, ಒಂದು ಹಿಡಿದು ಹಾಕು." ಕೊನೆಗೊಂದು ಭಾನುವಾರ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದೇನೆ, ರಿಪೇರಿ ಮಾಡಿ ಅದರಲ್ಲೇ ಸಂಸಾರ ಹೂಡುತ್ತೇವೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಿಕ್ಸಿಯ ಸದ್ದು ಮಾತ್ರ ಬಂತು. ಆಮೇಲೆ, "ಸೈಟು ತಗೊಳ್ಳೋ ಅಂದ್ರೆ ನೀರು ತಗೊಂಡಿದ್ದೀಯಲ್ಲೋ!" ಅಂದಳು.

ಆ ನೀರೂ ನನ್ನದಲ್ಲ, ದೋಣಿ ಕಟ್ಟುವ ಜಾಗಕ್ಕೆ ಅಡಿ ಲೆಕ್ಕದಲ್ಲಿ ತಿಂಗಳ ಬಾಡಿಗೆ ಕೊಡಬೇಕು ಎಂಬುದನ್ನು ಅವಳಿಗೆ ಹೇಳಲು ಹೋಗಲಿಲ್ಲ.

ನೀರಿನ ಹುಚ್ಚು ನೀರಿಲ್ಲದ ಊರಿನವರಿಗೇ ಹಿಡಿಯುವುದು. ನಾನು ಕಂಡಿದ್ದ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ತಲೆಮಾರುಗಳೆಲ್ಲ ತುಂಬಿದ ಕೆರೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿ ಬೆಳೆದವು. ನನ್ನ ಹೆಂಡತಿಯ ಕಥೆ ಬೇರೆ. ಹೊನ್ನಾವರದ ಹತ್ತಿರ ಶರಾವತಿಯ ಕುರ್ವೆಯಲ್ಲಿ ಹುಟ್ಟಿದವಳು, ಶಾಲೆಗೆ ದೋಣಿಯಲ್ಲಿ ಹೋಗಿ ಬಂದವಳು, ಮೀನುದೋಣಿಯ ತಾಂಡೇಲನ ಮಗಳು. ನೀರೆಂದರೆ ಅವಳಿಗೆ ಚಪ್ಪಲಿ ಒದ್ದೆಯಾಗುವ ಒಂದು ಕಾರಣ, ಅಷ್ಟೇ. ದೋಣಿಯ ಫೋಟೋ ತೋರಿಸಿದಾಗ ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ ಹೇಳಿದಳು: "ಎಂತಕ್ಕೆ ಮಾರಾಯ್ರೆ? ನಮ್ಮಪ್ಪ ಆಯುಷ್ಯವಿಡೀ ನೀರ ಮೇಲೆ ದುಡಿದದ್ದು ದಡದ ಮೇಲೆ ಒಂದು ಗಟ್ಟಿ ಮನೆ ಕಟ್ಟೂಕೆ. ನೀವು ದಡದ ಮೇಲೆ ದುಡಿದು ನೀರಿಗೆ ಇಳೀತೇನೆ ಅಂತ್ರಿ."

ಆದರೂ ಒಪ್ಪಿದಳು. ಮಗಳು ಕಾಲೇಜಿಗೆಂದು ಹೋದ ಮೇಲೆ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಾಡುತ್ತಿದ್ದೆವು. ಮೇಲಾಗಿ, ಇಲ್ಲಿಯ ಮನೆಬಾಡಿಗೆಯ ಮುಂದೆ ಎಂಥ ಹುಚ್ಚೂ ಮಿತವ್ಯಯವಾಗಿ ಕಾಣುತ್ತದೆ.

ಹಳೆಯ ಹಾಯಿದೋಣಿ ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ ಎಂದು ಕೇಳುವವರಿಗೆ ಒಂದು ಪುಟ್ಟ ಚರಿತ್ರೆ. 1960-70ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾ ಮತ್ತು ಸುತ್ತಲಿನ ಊರುಗಳಲ್ಲಿ ಫೈಬರ್‌ಗ್ಲಾಸ್ ದೋಣಿಗಳನ್ನು ಅಚ್ಚಿನಿಂದ ಸಾವಿರಗಟ್ಟಲೆ ತೆಗೆದರು. ಮರದ ದೋಣಿಯಾದರೆ ಕಾಲ ಬಂದಾಗ ಕೊಳೆತು, ಮುಳುಗಿ, ಮರ್ಯಾದೆಯಿಂದ ಜಾಗ ಖಾಲಿ ಮಾಡುತ್ತದೆ. ಫೈಬರ್‌ಗ್ಲಾಸಿಗೆ ಸಾವಿಲ್ಲ. ಕೊಂಡವರಿಗೆ ವಯಸ್ಸಾಗಿ, ಮಂಡಿ ಹೋಗಿ, ಮಕ್ಕಳಿಗೆ ಆಸಕ್ತಿಯಿಲ್ಲದೆ ಹೋದರೂ ದೋಣಿ ಮಾತ್ರ ಬಾಡಿಗೆ ಕೇಳುತ್ತಾ ನಿಂತಿರುತ್ತದೆ. ಒಡೆದು ಹಾಕುವುದಕ್ಕೂ ದುಡ್ಡು ಬೇಕು. ಬೇಡವಾದ ದೋಣಿಗಳನ್ನು ಒಪ್ಪಿಸಿ ಕೈತೊಳೆದುಕೊಳ್ಳಲೆಂದೇ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ಯೋಜನೆ ನಡೆಸುತ್ತದೆ ಎಂದರೆ ಪರಿಸ್ಥಿತಿ ತಿಳಿಯಿತಲ್ಲ. ನನಗೆ ಮಾರಿದ ಹಿರಿಯರು ಸಹಿ ಹಾಕುವಾಗ ಬಹಳ ಲವಲವಿಕೆಯಿಂದಿದ್ದರು. ದೋಣಿ ಇಟ್ಟವನ ಬಾಳಿನಲ್ಲಿ ಎರಡೇ ಸುದಿನ, ಕೊಂಡ ದಿನ ಮತ್ತು ಮಾರಿದ ದಿನ ಎಂದು ಇಲ್ಲೊಂದು ಗಾದೆಯಿದೆ. ಆ ಮೇಜಿನ ಎರಡು ಬದಿಯಲ್ಲೂ ಅವತ್ತು ಸುದಿನವೇ.

ಕೊಳ್ಳುವ ಮೊದಲು ಸರ್ವೆ ಮಾಡಿಸಬೇಕು. ನಮ್ಮಲ್ಲಿ ಸರ್ವೆಯವರು ಚೈನು ಹಿಡಿದು ಬರುತ್ತಾರೆ, ಇಲ್ಲಿಯವರು ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ ಹಿಡಿದು. ಆತ ಮೊಣಕಾಲೂರಿ ಡೆಕ್ಕನ್ನು ಅಂಗುಲ ಅಂಗುಲ ತಟ್ಟುತ್ತಾ ಹೋದ. ಟಕ್, ಟಕ್, ಟಕ್ ಎಂದರೆ ಕ್ಷೇಮ. ಎಲ್ಲೋ ಒಂದು ಕಡೆ ಡಬ್ ಎಂದಿತು. ಡೆಕ್ಕೆಂದರೆ ಎರಡು ಪದರ ಫೈಬರ್‌ಗ್ಲಾಸು, ನಡುವೆ ಬಾಲ್ಸಾ ಮರ. ಯಾವುದೋ ಸ್ಕ್ರೂವಿನ ಸಂದಿಯಲ್ಲಿ ವರ್ಷಗಟ್ಟಲೆ ನೀರಿಳಿದು ಆ ಮರ ಕೊಳೆತಿದ್ದರೆ ಸದ್ದು ಡಬ್ ಆಗುತ್ತದೆ. ಆತ ಡಬ್ ಎಂದ ಜಾಗದ ಸುತ್ತ ನೀಲಿ ಟೇಪು ಅಂಟಿಸಿದ. ಸಂಜೆಯ ಹೊತ್ತಿಗೆ ಟೇಪಿಲ್ಲದ ಜಾಗಗಳನ್ನು ಎಣಿಸುವುದೇ ಸುಲಭವಾಗಿತ್ತು.

ಅದಕ್ಕಿಂತ ದೊಡ್ಡ ದರ್ಶನ ದೋಣಿಯನ್ನು ನೀರಿನಿಂದ ಮೇಲೆತ್ತಿದ ದಿನ. ನಾಲ್ಕು ಗಾಲಿಯ ಎತ್ತರದ ಯಂತ್ರವೊಂದು ಹೊಟ್ಟೆಯಡಿ ಅಗಲ ಪಟ್ಟಿ ಕೊಟ್ಟು ನಿಧಾನ ಎತ್ತಿತು. ಅಷ್ಟು ದಿನ ಮೇಲಿನ ಬಿಳಿ ಮುಖವನ್ನಷ್ಟೇ ನೋಡಿದ್ದೆವು, ಈಗ ಸಂಸಾರದ ತಳ ಕಂಡಿತು. ಪಾಚಿ, ಬಾರ್ನಕಲ್, ಚುಕ್ಕಾಣಿಯ ಸಂದಿಯಲ್ಲಿ ಗೊಂಚಲು ಗೊಂಚಲು ಕಪ್ಪು ಚಿಪ್ಪು, ಮೂಗಿಗೆ ಅಡರುವ ಉಪ್ಪುವಾಸನೆ. ನನಗೆ ಹೊಟ್ಟೆ ತೊಳಸಿತು. ಹೆಂಡತಿಯ ಕಣ್ಣು ಮಾತ್ರ ಮೊದಲ ಸಲ ಅರಳಿತು. "ಅಯ್ಯೋ, ಎಷ್ಟು ನೀಲಿಕಲ್ಲು! ನಮ್ಮೂರಲ್ಲಾಗಿದ್ರೆ ಇವತ್ತು ಮನೆಮಂದಿಗೆಲ್ಲ ಸುಕ್ಕಾ ಆಗ್ತಿತ್ತು." ತಳಕ್ಕೆ ಬಳಿದದ್ದು ತಾಮ್ರದ ವಿಷದ ಬಣ್ಣ, ತಿನ್ನುವ ಹಾಗಿಲ್ಲ ಎಂದು ಯಾರ್ಡಿನ ಹುಡುಗ ಹೇಳಿದಾಗ ಅವಳಿಗೆ ಆ ದೋಣಿಯ ಮೇಲಿದ್ದ ಒಂದೇ ಒಂದು ಒಲವೂ ಹೋಯಿತು. ನೀರಿನ ಒತ್ತಡದಲ್ಲಿ ತೊಳೆದ ಮೇಲೆ ಫೈಬರ್‌ಗ್ಲಾಸಿನ ಮೈಮೇಲೆ ನಾಣ್ಯದಗಲದ ಗುಳ್ಳೆಗಳು ಕಂಡವು. ಒಂದನ್ನು ಚುಚ್ಚಿದರೆ ಜಿಗುಟು ನೀರು ಚಿಮ್ಮಿ ವಿನೆಗರಿನ ವಾಸನೆ ಬಂತು. ರಾಳದೊಳಗೆ ವರ್ಷಗಳ ಕಾಲ ನೀರು ಒಸರಿ ಹುಟ್ಟಿದ ಆಮ್ಲವಂತೆ ಅದು. ಒಂದೊಂದನ್ನೂ ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿ, ಉಜ್ಜಿ, ಮತ್ತೆ ತುಂಬಬೇಕು. ಉಪನಿಷತ್ತು ಓದಿ ಬಾರದ ವೈರಾಗ್ಯ ಆ ಬೇಸಿಗೆಯಲ್ಲಿ ಮರಳುಕಾಗದ ಹಿಡಿದು ಬಂತು.

ಇಂಜಿನ್ನಿನ ವಿಷಯದಲ್ಲಿ ನಾನು ಭಾಗ್ಯವಂತ. ಅಟಾಮಿಕ್ ಫೋರ್. ಹೆಸರಿನಲ್ಲಿ ಅಣು, ಹೊಟ್ಟೆಯಲ್ಲಿ ಪೆಟ್ರೋಲು, ನಾಲ್ಕು ಸಿಲಿಂಡರು, ಮೂವತ್ತು ಅಶ್ವಶಕ್ತಿ. ಸುಮಾರು 40,000 ಹುಟ್ಟಿ, 1980ರ ದಶಕದ ಮಧ್ಯದಲ್ಲಿ ಆ ಸಂತಾನ ನಿಂತಿತು. ಹಾಯಿದೋಣಿಯವರು ಇವತ್ತಿಗೂ ಅದನ್ನು ಮನೆಯ ಹಿರಿಯರ ಬಗ್ಗೆ ಮಾತಾಡುವ ದನಿಯಲ್ಲೇ ಸ್ಮರಿಸುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂತುಬಿಡುತ್ತದೆ. ಹಾಗಾಗಿ ಕೀಲಿ ತಿರುಗಿಸುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಿಸಿ ಆವಿಯನ್ನು ಹೊರಗಟ್ಟಬೇಕು, ಇಲ್ಲದಿದ್ದರೆ ಕಿಡಿ ತಗುಲಿ ಇಡೀ ಸಂಸಾರ ಮೇಲಕ್ಕೆ ಹೋದೀತು. ನಾಸ್ತಿಕನೂ ಒಂದು ಸ್ತೋತ್ರ ಮುಗಿಸಬಹುದಾದ ಅವಧಿ ಅದು. ಪ್ರೊಪೆಲ್ಲರಿನ ದಂಡ ದೋಣಿಯಿಂದ ಹೊರಗೆ ಹೋಗುವ ಕಡೆ ದಾರದ ಪ್ಯಾಕಿಂಗ್ ತುರುಕಿರುತ್ತಾರೆ. ದಂಡ ತಿರುಗುವಾಗ ಅಲ್ಲಿ ನಿಮಿಷಕ್ಕೆ ಕೆಲವು ಹನಿ ನೀರು ಒಳಗೆ ಬೀಳಲೇಬೇಕು, ಪೂರ್ತಿ ಬಿಗಿದರೆ ದಂಡ ಕಾದು ಸವೆಯುತ್ತದೆ. ನಲ್ಲಿ ತೊಟ್ಟಿಕ್ಕಿದರೆ ಕೆಳಗೆ ಬಿಂದಿಗೆ ಇಡುವ ಊರಿನಿಂದ ಬಂದ ನನಗೆ, ಸಮುದ್ರವನ್ನು ಹನಿಹನಿಯಾಗಿ ಮನೆಯೊಳಗೆ ಬಿಟ್ಟುಕೊಳ್ಳುವುದೇ ಸರಿಯಾದ ಕ್ರಮ ಎಂಬುದನ್ನು ಅರಗಿಸಿಕೊಳ್ಳಲು ಸಮಯ ಹಿಡಿಯಿತು.

ಶೌಚಾಲಯದ ಪೈಪು ಬದಲಿಸಿದ ಅಧ್ಯಾಯವನ್ನು ಊಟ ಮಾಡುತ್ತಾ ಓದುವವರಿರಬಹುದೆಂದು ಬಿಟ್ಟಿದ್ದೇನೆ.

ಇನ್ನು ಕಾಗದಪತ್ರ. ದೋಣಿ ಕೊಂಡ ಮಾತ್ರಕ್ಕೆ ಅದರಲ್ಲಿ ವಾಸ ಮಾಡುವಂತಿಲ್ಲ. ಕೊಲ್ಲಿಯ ಸಂರಕ್ಷಣೆಗೆಂದೇ ಇರುವ ಆಯೋಗದ ನಿಯಮದ ಪ್ರಕಾರ ಒಂದು ಮರೀನಾದ ಜಾಗಗಳಲ್ಲಿ ನೂರಕ್ಕೆ ಹತ್ತರಷ್ಟರಲ್ಲಿ ಮಾತ್ರ ಜನ ವಾಸವಿರಬಹುದು. ಉಳಿದವರು ಸರದಿ ಕಾಯಬೇಕು. ಕಾಯಲಾರದವರು ಬೆಳಕು ಕಡಿಮೆ ಮಾಡಿಕೊಂಡು, ಕುಕ್ಕರ್ ಕೂಗದ ಹಾಗೆ ಅಡುಗೆ ಮಾಡಿಕೊಂಡು ಬದುಕುತ್ತಾರೆ. ನಮಗೆ ಅನುಮತಿ ಬಂದ ದಿನ ಹೆಂಡತಿ ಮೂರು ಸೀಟಿ ಕೂಗಿಸಿದಳು. ದೋಣಿಯ ನೋಂದಣಿ ಆಗುವುದು ಕಾರುಗಳ ನೋಂದಣಿ ಮಾಡುವ ಕಚೇರಿಯಲ್ಲೇ; ಮೂತಿಯ ಎರಡು ಕಡೆ 'ಸಿಎಫ್' ಎಂದು ಶುರುವಾಗುವ ನಂಬರು ಬರೆಸಬೇಕು. ಅದರ ಮೇಲೆ ಕೌಂಟಿಯವರು ವರ್ಷ ವರ್ಷ ಆಸ್ತಿ ತೆರಿಗೆಯನ್ನೂ ಹಾಕುತ್ತಾರೆ. ಅಮ್ಮನಿಗೆ ವಿವರಿಸಿದೆ: ಖಾತೆ ಇಲ್ಲ, ಕಂದಾಯ ಇದೆ. "ಹಂಗಾದ್ರೆ ರೆವಿನ್ಯೂ ಸೈಟು" ಎಂದು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದಳು.

ಪೂಜೆ ಆಗದೆ ಒಳಗೆ ಹಾಲು ಕಾಯಿಸುವಂತಿಲ್ಲ ಎಂಬುದು ಅವಳ ಮುಂದಿನ ಷರತ್ತು. ಪುರೋಹಿತರಿಗೆ ಫೋನು ಮಾಡಿದೆ. ಗೃಹಪ್ರವೇಶವೋ ವಾಹನಪೂಜೆಯೋ ಎಂಬುದೇ ಅವರಿಗೆ ಬಗೆಹರಿಯಲಿಲ್ಲ. ನಿಂಬೆಹಣ್ಣಿಡಲು ಚಕ್ರವಿಲ್ಲ, ಹೊಸ್ತಿಲು ಪೂಜೆಗೆ ಹೊಸ್ತಿಲು ಇದ್ದೂ ಇಲ್ಲ, ಏಕೆಂದರೆ ಒಳಗೆ ಹೋಗುವುದು ಏಣಿಯಿಳಿದು. "ಬಾಗಿಲು ಯಾವ ದಿಕ್ಕಿಗೆ?" ಎಂದರು. ಇಲ್ಲಿ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಲಂಗರು ಹಾಕಿದ ದೋಣಿ ಗಾಳಿಗೆ ಮೂತಿ ತಿರುಗಿಸಿ ನಿಲ್ಲುತ್ತದೆ. ಈ ಕೊಲ್ಲಿಯಲ್ಲಿ ಬೇಸಿಗೆಯುದ್ದಕ್ಕೂ ಗಾಳಿ ಗೋಲ್ಡನ್ ಗೇಟಿನ ಕಡೆಯಿಂದ, ಅಂದರೆ ಪಶ್ಚಿಮದಿಂದ. ಬಾಗಿಲಿರುವುದು ದೋಣಿಯ ಹಿಂಬದಿಗೆ. ಹಾಗಾಗಿ ಪೂರ್ವದ ಬಾಗಿಲು. ಚಳಿಗಾಲದ ಬಿರುಗಾಳಿ ದಕ್ಷಿಣದಿಂದ ಬೀಸುವಾಗ ಬಾಗಿಲು ತಾನಾಗಿ ಉತ್ತರಕ್ಕೆ, ಕುಬೇರನ ಕಡೆಗೆ ತಿರುಗುತ್ತದೆ. ಋತುವಿಗೆ ತಕ್ಕಂತೆ ತನ್ನ ವಾಸ್ತು ತಾನೇ ಸರಿಮಾಡಿಕೊಳ್ಳುವ ಮನೆ ಬೆಂಗಳೂರಿನಲ್ಲಿ ಎಷ್ಟು ಕೋಟಿ ಕೊಟ್ಟರೂ ಸಿಗುವುದಿಲ್ಲ. ಪುರೋಹಿತರು ತಲೆದೂಗಿದರು. ಹೋಮ ಮಾತ್ರ ಬೇಡವೆಂದು ಇಬ್ಬರೂ ಒಪ್ಪಿದೆವು, ಫೈಬರ್‌ಗ್ಲಾಸಿನ ರಾಳಕ್ಕೆ ಅಗ್ನಿಯ ಮೇಲೆ ವಿಪರೀತ ಪ್ರೀತಿ.

ತಕರಾರು ಬಂದದ್ದು ಬಾಳೆಹಣ್ಣಿನಿಂದ. ತಟ್ಟೆಯಲ್ಲಿ ಚಿಪ್ಪು ನೋಡಿದ್ದೇ ಪಕ್ಕದ ದೋಣಿಯ ಮುದುಕ ಕೈಯೆತ್ತಿ ಓಡಿಬಂದ. ದೋಣಿಗೆ ಬಾಳೆಹಣ್ಣು ಹತ್ತಿಸುವುದು ಮಹಾ ಅಪಶಕುನವೆಂದು ಇಲ್ಲಿಯ ಕಡಲಿನವರ ನಂಬಿಕೆ. ಬಾಳೆಹಣ್ಣಿಲ್ಲದೆ ನೈವೇದ್ಯವೇ ಇಲ್ಲ ಎಂದು ಪುರೋಹಿತರು. ಎರಡು ಸನಾತನ ಧರ್ಮಗಳ ನಡುವೆ ನಾನು ಸಿಕ್ಕಿಕೊಂಡೆ. ಕೊನೆಗೆ ತೆಂಗಿನಕಾಯಿ ಒಳಗೆ, ಬಾಳೆಹಣ್ಣು ಕಟ್ಟೆಯ ಮೇಲೆ ಎಂದು ರಾಜಿಯಾಯಿತು. ಕಾಯಿಯನ್ನು ಲಂಗರಿಗೆ ಹೊಡೆದೆವು. ಹಾಲು ಕಾಯಿಸುವ ಒಲೆಯನ್ನು ದೋಣಿ ವಾಲಿದರೂ ಮಟ್ಟವಾಗಿರಲೆಂದು ಎರಡು ತಿರುಗಣಿಗಳ ಮೇಲೆ ತೂಗುಬಿಟ್ಟಿರುತ್ತಾರೆ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಹೊರಗೆ ದೊಡ್ಡ ಮೋಟಾರುದೋಣಿ ಹಾದು ಅಲೆಯೆದ್ದಿತು. ಪುರೋಹಿತರು ಎಡಕ್ಕೆ ಹೋದರು, ನಾನು ಬಲಕ್ಕೆ ಹೋದೆ, ಆರತಿ ತಟ್ಟೆ ಹಾಸಿಗೆಗೆ ಹೋಯಿತು. ಪಾತ್ರೆ ಮಾತ್ರ ಅಲುಗದೆ ನಿಂತು, ಶಾಸ್ತ್ರೋಕ್ತವಾಗಿ ಪೂರ್ವಕ್ಕೆ ಉಕ್ಕಿ, ಒಲೆಯನ್ನು ಆರಿಸಿತು. ಬಾಳೆಹಣ್ಣನ್ನು ಆ ಮುದುಕನೇ ಕಟ್ಟೆಯ ಮೇಲೆ ಕೂತು ಸಂತೋಷದಿಂದ ತಿಂದ.

ಅವನೇ ನನಗೆ ಜೋಶುವಾ ಸ್ಲೋಕಮ್‌ನ ಪುಸ್ತಕ ಕೊಟ್ಟದ್ದು. ಹಳೆ ದೋಣಿ ಕೊಂಡವರೆಲ್ಲರ ಕುಲಗುರು ಈತ. 1892ರಲ್ಲಿ ಕೆಲಸವಿಲ್ಲದೆ ಕೂತಿದ್ದ ಈ ಕಪ್ತಾನನಿಗೆ ಗೆಳೆಯನೊಬ್ಬ ಹಡಗು ಕೊಡುತ್ತೇನೆಂದು ಮ್ಯಾಸಚೂಸೆಟ್ಸಿನ ಫೇರ್‌ಹೇವನ್ನಿಗೆ ಕರೆಸಿದ. ಹೋಗಿ ನೋಡಿದರೆ ಕಡಲಿನಿಂದ ದೂರದ ಹೊಲದಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿದ್ದ ಪುರಾತನ ದೋಣಿ. ಒಡೆದು ಮಾರಲು ಬಂದಿದ್ದಾನೆಂದು ಊರವರು ಅಂದುಕೊಂಡರು. ಸ್ಲೋಕಮ್ ಒಂದೊಂದೇ ಹಲಗೆ ಬದಲಿಸಿ ಹದಿಮೂರು ತಿಂಗಳಲ್ಲಿ 'ಸ್ಪ್ರೇ'ಯನ್ನು ಹೊಸದು ಮಾಡಿದ. ಸಾಮಾನಿಗೆ ತಗುಲಿದ್ದು 553 ಡಾಲರ್ 62 ಸೆಂಟ್. ಆ 62 ಸೆಂಟನ್ನೂ ಬರೆದಿಟ್ಟವನ ಮೇಲೆ ನನಗೆ ಅಪಾರ ಗೌರವ, ನನ್ನ ಲೆಕ್ಕದ ಪುಸ್ತಕವನ್ನು ನಾನು ಮಧ್ಯದಲ್ಲೇ ಕಡಲಿಗೆ ಕೊಟ್ಟೆ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟು, ಒಂದು ಡಾಲರಿನ ತಗಡಿನ ಗಡಿಯಾರ ನಂಬಿಕೊಂಡು ಒಬ್ಬನೇ ಭೂಮಿಯನ್ನು ಸುತ್ತಿ 1898ರ ಜೂನ್‌ನಲ್ಲಿ ಮರಳಿದ. ಒಬ್ಬನೇ ಹಾಗೆ ಸುತ್ತಿದವರಲ್ಲಿ ಮೊದಲಿಗ.

ಇದನ್ನೆಲ್ಲ ಉತ್ಸಾಹದಿಂದ ಓದಿ ಹೇಳಿದರೆ ನನ್ನವಳ ಪ್ರಶ್ನೆ ಒಂದೇ: "ಆಗ ಅವನ ಹೆಂಡ್ತಿ ಎಲ್ಲಿದ್ಲು?" ಹುಡುಕಿದೆ. ಮೊದಲ ಹೆಂಡತಿ ವರ್ಜೀನಿಯಾ ಅವನ ಹಡಗುಗಳಲ್ಲೇ ಮಕ್ಕಳನ್ನು ಹೆತ್ತು, ಹಡಗಿನಲ್ಲೇ ತೀರಿಕೊಂಡಳು. ಎರಡನೆಯವಳು ಹೆಟ್ಟಿ, ಮದುವೆಯಾದ ಹೊಸತರಲ್ಲಿ ಒಂದು ಯಾತ್ರೆಗೆ ಹೋಗಿ, ಹಡಗು ಬ್ರೆಜಿಲ್ಲಿನಲ್ಲಿ ಒಡೆದು, ಗಂಡ ಕಟ್ಟಿದ ಪುಟ್ಟ ದೋಣಿಯಲ್ಲಿ ಊರು ಮುಟ್ಟಿದವಳು. ಮತ್ತೆ ಅವನ ಜೊತೆ ಕಡಲಿಗಿಳಿಯಲಿಲ್ಲ. "ಬುದ್ಧಿವಂತೆ" ಎಂದು ಇವಳು ಪುಸ್ತಕ ಮುಚ್ಚಿದಳು. 1909ರಲ್ಲಿ ಅದೇ ಸ್ಪ್ರೇಯಲ್ಲಿ ಹೊರಟ ಸ್ಲೋಕಮ್ ಮತ್ತೆ ಕಾಣಲೇ ಇಲ್ಲ ಎಂಬ ಭಾಗವನ್ನು ನಾನು ಓದಿ ಹೇಳಲಿಲ್ಲ.

ದೋಣಿಗೆ ಹೆಸರಿಡುವ ಪ್ರಶ್ನೆಯೂ ಎದ್ದಿತ್ತು. ನನಗೆ ವೇದಾವತಿ, ಅವಳಿಗೆ ಶರಾವತಿ. ನದಿಯ ಹೆಸರಿಗೆ ಒಳ್ಳೆಯ ಪೂರ್ವೋದಾಹರಣೆಯಿದೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರನ್ನೇ ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿಗೆ ಇಟ್ಟರು. 'ಮ್ಹಾದೆಯಿ'ಯಲ್ಲಿ ದಿಲೀಪ್ ದೊಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಮುಂದೆ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ಆ ನದಿಯ ನೀರಿಗಾಗಿ ನಾವೂ ಗೋವಾದವರೂ ನ್ಯಾಯಮಂಡಳಿಯಲ್ಲಿ ಗುದ್ದಾಡುತ್ತಿದ್ದಾಗ ಅದರ ಹೆಸರು ಹೊತ್ತ ದೋಣಿ ಯಾರ ಅನುಮತಿಯನ್ನೂ ಕೇಳದೆ ಕೇಪ್ ಹಾರ್ನ್ ದಾಟುತ್ತಿತ್ತು. ನಮ್ಮ ಮನೆಯೊಳಗಿನ ನದಿ ವಿವಾದ ಮಾತ್ರ ಇನ್ನೂ ಬಗೆಹರಿದಿಲ್ಲ. ದೋಣಿಯ ಬೆನ್ನಿನ ಮೇಲೆ ಹಳೆಯ ಯಜಮಾನರ ಹೆಸರೇ ಮುಂದುವರಿದಿದೆ.

ಈಗ ವಾಸ ಅದರಲ್ಲೇ. ಉದ್ದ ಮೂವತ್ತಡಿ, ಅಗಲ ಹನ್ನೊಂದಕ್ಕೆ ಸ್ವಲ್ಪ ಕಡಿಮೆ. ಜಗಳವಾಡಿದರೆ ಮುನಿಸಿಕೊಂಡು ಹೋಗಿ ಕೂರಲು ಇನ್ನೊಂದು ಕೋಣೆಯಿಲ್ಲವಾದ್ದರಿಂದ ಜಗಳಗಳು ಬೇಗ ಮುಗಿಯುತ್ತವೆ. ದೋಸೆಹಿಟ್ಟು ಈ ಚಳಿಗೆ ಹುಳಿಯಾಗದು ಎಂದು ಬ್ಯಾಟರಿ ಚಾರ್ಜರಿನ ಪಕ್ಕ ಇಡುತ್ತೇವೆ, ಅದೊಂದೇ ಸದಾ ಬೆಚ್ಚಗಿರುವ ಜಾಗ. ಚಳ್ಳಕೆರೆಯ ಕರಿಕಂಬಳಿ ಅಮೆರಿಕದಲ್ಲಿ ಕೊನೆಗೂ ತನ್ನ ಯೋಗ್ಯತೆ ತೋರಿಸಿತು.

ಮೊದಲ ಬೇಸಿಗೆಯ ಒಂದು ರಾತ್ರಿ ಕಿವಿ ದಿಂಬಿಗೆ ತಾಗಿದ್ದೇ ತಂಬೂರಿ ಮೀಟಿದಂತೆ ಒಂದೇ ಶ್ರುತಿಯ ಗುಂಯ್‌ಗಾರ ಕೇಳಿಸಿತು. ಪಂಪು ನಿಲ್ಲಿಸಿದೆ, ಮೈನ್ ಆಫ್ ಮಾಡಿದೆ, ಶ್ರುತಿ ನಿಲ್ಲಲಿಲ್ಲ. 1980ರ ದಶಕದಲ್ಲಿ ನಮ್ಮ ಕೊಲ್ಲಿಯ ದಡದ ಸಾಸಲೀಟೊದ ದೋಣಿಮನೆಗಳವರು ಇದೇ ಸದ್ದಿಗೆ ನಿದ್ದೆಗೆಟ್ಟು, ಒಳಚರಂಡಿಯ ಪಂಪೆಂದೂ, ಜಲಾಂತರ್ಗಾಮಿಯೆಂದೂ, ಕೆಲವರು ಅನ್ಯಗ್ರಹದವರೆಂದೂ ವಾದಿಸಿದ್ದರಂತೆ. ಕಡೆಗೆ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಜಾನ್ ಮೆಕಾಸ್ಕರ್ ಅದೊಂದು ಮೀನಿನ ಹಾಡೆಂದು ತೋರಿಸಿಕೊಟ್ಟರು. ಗಂಡುಮೀನು ಕಲ್ಲಿನಡಿ ಗೂಡು ಮಾಡಿ, ಹೆಣ್ಣು ಬರಲಿ ಎಂದು ಗಾಳಿಚೀಲ ಅದುರಿಸಿ ರಾತ್ರಿಯಿಡೀ ಗುನುಗುತ್ತದೆ. ಊರಿನವರು ಆ ಮೀನಿನ ಹೆಸರಲ್ಲಿ ಜಾತ್ರೆಯನ್ನೇ ಮಾಡಿದರು. ಹೆಂಡತಿ ಕಂಬಳಿಯೊಳಗಿಂದ, "ಮನೆ ಮಾಡಿಟ್ಟು ಕರೀತದೆ ಪಾಪ, ನಿಮ್ಮ ಹಾಗೆ ರಿಪೇರಿ ಮಾಡೂಕೆ ಕರೆಯೂದಿಲ್ಲ" ಅಂದಳು.

ಹಾಯಿ ಬಿಟ್ಟು ಹೋದದ್ದರ ಬಗ್ಗೆ ಹೇಳಲಿಲ್ಲವಲ್ಲ ಎಂದರೆ, ಹೇಳುವಷ್ಟು ಹೋಗಿಲ್ಲ. ಮೊದಲ ಸಲ ಹೊರಟಾಗ ಮಧ್ಯಾಹ್ನದ ಗಾಳಿ ಇಪ್ಪತ್ತು ನಾಟ್ ದಾಟಿ ದೋಣಿ ಒಂದು ಮಗ್ಗುಲಿಗೆ ಮಲಗಿತು, ಒಳಗೆ ಸ್ಟೀಲ್ ಡಬ್ಬಗಳೆಲ್ಲ ಒಟ್ಟಿಗೆ ಉರುಳಿದವು. ನಾನು ಹಗ್ಗ ಹುಡುಕುತ್ತಿದ್ದೆ. ಯಾವಾಗ ಬಂದಳೋ, ಚುಕ್ಕಾಣಿಯ ಹಿಡಿ ಇವಳ ಕೈಯಲ್ಲಿತ್ತು. ಸೀರೆ ಎತ್ತಿ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ಹಾಯಿಯ ಅಂಚನ್ನೇ ನೋಡುತ್ತಾ ಒಂದಿಷ್ಟು ಒತ್ತಿದಳು, ದೋಣಿ ಎದ್ದು ಕೂತಿತು. ಮದುವೆಯಾಗಿ ಇಷ್ಟು ವರ್ಷ ಆ ಮುಖವನ್ನು ನಾನು ನೋಡಿರಲಿಲ್ಲ. ದಡಕ್ಕೆ ಬಂದ ಮೇಲೆ ಡಬ್ಬ ಜೋಡಿಸುತ್ತಾ, ಕಡಲೆಬೇಳೆ ತೊಗರಿಬೇಳೆ ಒಂದಾದದ್ದಕ್ಕೆ ಮಾಮೂಲಿನಂತೆ ಬೈದಳು.

ನಮ್ಮ ಕಟ್ಟೆಯ ದೋಣಿಗಳಲ್ಲಿ ಹೆಚ್ಚಿನವು ಹೊರಡುವ ಸಿದ್ಧತೆಯಲ್ಲಿವೆ. ಅಕ್ಟೋಬರ್ ಕೊನೆಗೆ ಸ್ಯಾನ್ ಡಿಯಾಗೋದಿಂದ ಮೆಕ್ಸಿಕೋದ ಕಾಬೋ ಸ್ಯಾನ್ ಲೂಕಸ್‌ವರೆಗೆ 'ಬಾಹಾ ಹಾ-ಹಾ' ಎಂಬ ದೋಣಿದಿಂಡಿ 1994ರಿಂದ ನಡೆದು ಬಂದಿದೆ. ಎಲ್ಲರೂ ಮುಂದಿನ ವರ್ಷ ಅದರಲ್ಲಿ ಹೊರಡುವವರೇ. ಪಕ್ಕದ ಮುದುಕ ಹಾಯಿ ಹೊಲಿಸಿದ್ದಾನೆ, ಸೋಲಾರ್ ಹಾಕಿಸಿದ್ದಾನೆ, ಇನ್ನೊಂದು ಪಂಪು ಬಂದರೆ ಮುಗಿಯಿತಂತೆ. ಅವನ ಹಗ್ಗಕ್ಕೆ ಪಾಚಿ ಹಿಡಿದಿದೆ. ಈ ಮಾತಿನ ಧಾಟಿ ನನಗೆ ಚೆನ್ನಾಗಿ ಪರಿಚಯ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬಟ್ಟಿಗೆ ಕಾಯುತ್ತಾ ನಿಂತವರೂ ಮುಂದಿನ ವರ್ಷ ಊರಿಗೆ ವಾಪಸು ಹೊರಡುವವರೇ. ಮಗನ ಕಾಲೇಜು ಒಂದು ಮುಗಿಯಬೇಕು, ಸಾಲ ಇನ್ನೊಂಚೂರಿದೆ, ಮೈಸೂರಿನಲ್ಲಿ ಸೈಟು ನೋಡಿಟ್ಟಾಗಿದೆ. ಎರಡು ಕಡೆಯೂ ಯಾರೂ ಸುಳ್ಳು ಹೇಳುತ್ತಿಲ್ಲ. ನಾನಂತೂ ಎರಡೂ ಪಟ್ಟಿಯಲ್ಲಿ ಹೆಸರು ಬರೆಸಿದವನು. ಕಟ್ಟಿದ ಹಗ್ಗ ಬಿಚ್ಚಿದರೆ ಹೋಗಬಹುದಾದ ಮನೆಯಲ್ಲಿ ಮಲಗುವ ನಿದ್ದೆಯೇ ಬೇರೆ, ಬಿಚ್ಚಬೇಕೆಂದೇನಿಲ್ಲ.

ಹೋದ ಬೇಸಿಗೆಯಲ್ಲಿ ಮಾವನವರು ಬಂದಿದ್ದರು. ಎಂಬತ್ತರ ಹತ್ತಿರ, ಆದರೂ ಕಟ್ಟೆಯಿಂದ ದೋಣಿಗೆ ಕಾಲಿಟ್ಟದ್ದು ಗೊತ್ತೇ ಆಗಲಿಲ್ಲ. ನಾನು ಕಾಲಿಟ್ಟರೆ ಈಗಲೂ ದೋಣಿ ವಾಲುತ್ತದೆ. ನನ್ನ ಗಂಟುಗಳನ್ನು ನೋಡಿ ಏನೂ ಅನ್ನದೆ ಬಿಚ್ಚಿ ಬೇರೆ ಹಾಕಿದರು. ತಿಂಗಳ ಬಾಡಿಗೆ ಕೇಳಿ, ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, "ಬರೇ ಕಟ್ಟಿ ಹಾಕೂಕಾ?" ಎಂದರು. ಕಂಬವನ್ನು ಅಂಗೈಯಿಂದ ತಟ್ಟಿದರು, ತಳದ ಹಲಗೆ ಎತ್ತಿಸಿ ನೀರು ನೋಡಿದರು, ಇಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ತುಂಬ ಹೊತ್ತು ಕೂತರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಸರ್ವೆಯವನ ಮುಂದೆಯೂ ಅಷ್ಟು ಹೆದರಿರಲಿಲ್ಲ.

"ದೋಣಿ ಅಡ್ಡಿಲ್ಲ ಅಳಿಯಂದ್ರೆ," ಎಂದರು ಕಡೆಗೆ. "ಮೀನು ಎಲ್ಲಿ ಹಾಕ್ತ್ರಿ?"

ನಾನು ಐಸ್‌ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಮೊಸರಿನ ಡಬ್ಬ, ಅರ್ಧ ನಿಂಬೆಹಣ್ಣು, ಒಂದು ಕಟ್ಟು ಕೊತ್ತಂಬರಿ ಇತ್ತು. ಅವರು ಬಗ್ಗಿ ನೋಡಿ, ಮುಚ್ಚಳ ಹಾಕಿ, ಮಗಳ ಕಡೆ ತಿರುಗಿದರು.

"ರಾತ್ರಿಗೆ ಅಂಗಡಿಯಿಂದ್ಲೇ ತಕಂಬಾ."